ಹರಿಗೋಲಿನಲ್ಲಿ ಕೂತ ಅಜ್ಜಿ

ಹೊಳೆಯ ದಂಡೆಯ ಮೇಲೆ ಹಳೆಯ ಕಲ್ಲುಮಂಟಪವೊಂದಿತ್ತು. ಅದರ ಒಳಗೋಡೆಯ ಮೇಲೆ ಆಳೆತ್ತರದ ಒಂದು ಚಿತ್ರ.

ಹರಿಗೋಲು ಹೊಳೆ ದಾಟುತ್ತಿದೆ. ಅಂಬಿಗ ಉದ್ದನೆಯ ಗಳವನ್ನು ನೀರಿಗೆ ಊರಿ, ಮೈಯೆಲ್ಲ ಬಾಗಿಸಿ ಒತ್ತುತ್ತಿದ್ದಾನೆ. ಅವನೆದುರು ಒಬ್ಬ ಅಜ್ಜಿ ಕೂತಿದ್ದಾಳೆ, ಮಡಿಲಲ್ಲಿ ಮೇಕೆಮರಿ. ಅಜ್ಜಿ ಕತ್ತು ಹೊರಳಿಸಿ, ಬಿಟ್ಟುಬಂದ ದಂಡೆಯನ್ನು ನೋಡುತ್ತಿದ್ದಾಳೆ.

ಬರೆದವನ ಹೆಸರು ಯಾರಿಗೂ ತಿಳಿಯದು. ಊರವರು ಅವನನ್ನು ‘ಹಿರಿಯ’ ಎನ್ನುತ್ತಿದ್ದರು, ಅಷ್ಟೆ.

ಮಂಟಪದ ಪಕ್ಕದ ಗುಡಿಸಲಲ್ಲಿ ಸಿಂಗೋಜರೆಂಬ ಮುದಿ ಚಿತ್ರಗಾರರಿದ್ದರು. ಅವರ ಬಳಿ ಕಲಿಯಲೆಂದು ಚಂದವ್ವೆ ಬಂದಳು. ಅವಳ ಕೈ ಚುರುಕು, ನಾಲಗೆ ಅದಕ್ಕಿಂತ ಚುರುಕು.

"ಗುರುಗಳೇ, ಏನು ಬರೆಯಲಿ?"

"ಗೋಡೆಯ ಮೇಲಿದೆಯಲ್ಲ, ಅದನ್ನು ಬರಿ."

"ಆಮೇಲೆ?"

"ಆಮೇಲೂ ಅದನ್ನೇ."

ಚಂದವ್ವೆ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಗೋಡೆಯ ಮುಂದೆ ಕೂತಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮಳೆಗಾಲ ಹೋಗಿ ಚಳಿ ಬಂತು. ತಲೆಯ ತುಂಬ ತನ್ನವೇ ಚಿತ್ರಗಳು ಕುಣಿಯುತ್ತಿದ್ದವು. ಕೈಯಲ್ಲಿ ಮಾತ್ರ ಅದೇ ಹರಿಗೋಲು.

ಒಂದು ಬೆಳಗ್ಗೆ ಅವಳು ಹಲಗೆಯನ್ನು ಗುರುಗಳ ಮುಂದೆ ಹಿಡಿದಳು. ಮುಖದಲ್ಲಿ ಗೆದ್ದ ಕಳೆ.

ಗುರುಗಳು ನೋಡಿದರು. "ಅಂಬಿಗನ ಎಡಗೈ ಗಿಡ್ಡವಾಗಿದೆಯಲ್ಲ?"

"ಗೋಡೆಯ ಮೇಲಿನದು ಉದ್ದವಾಯಿತು ಗುರುಗಳೇ. ಅಷ್ಟುದ್ದದ ಕೈ ಯಾವ ಮನುಷ್ಯನಿಗಿದೆ? ಹಿರಿಯ ತಪ್ಪಿದ್ದಾನೆ. ನಾನು ತಿದ್ದಿದೆ."

"ಓಹೋ," ಎಂದರು ಗುರುಗಳು. "ಬಾ, ಹೊಳೆಗೆ ಹೋಗೋಣ."

ದಂಡೆಯಲ್ಲಿದ್ದ ಹರಿಗೋಲಿಗೆ ಅವಳನ್ನು ಹತ್ತಿಸಿ ತಾವೂ ಹತ್ತಿದರು. ಹೆಗಲ ಮೇಲಿನ ವಸ್ತ್ರ ತೆಗೆದು, ಅವಳ ಎಡತೋಳನ್ನು ಪಕ್ಕೆಗೆ ಒತ್ತಿ ಕಟ್ಟಿದರು. ಮೊಣಕೈಯಿಂದ ಕೆಳಗಷ್ಟೇ ಆಡುತ್ತಿತ್ತು.

"ಈಗ ಗಳ ಹಾಕು."

ಚಂದವ್ವೆ ಗಳ ಊರಿ ಒತ್ತಿದಳು. ಹರಿಗೋಲು ಬುಗುರಿಯಂತೆ ಗಿರ್ರನೆ ತಿರುಗಿತು. ಗಳ ಕೆಸರಲ್ಲಿ ಕಚ್ಚಿಕೊಂಡಿತು. ಹರಿಗೋಲು ಒಂದು ಕಡೆ ಹೋಯಿತು, ಅವಳು ಇನ್ನೊಂದು ಕಡೆ ಹೋದಳು. ದೊಪ್ಪನೆ ನೀರಿಗೆ!

ಸೊಂಟದುದ್ದ ನೀರಲ್ಲಿ ಎದ್ದು ನಿಂತು ಅವಳು ಮೂಗು ಬಾಯಿ ಒರೆಸಿಕೊಂಡಳು.

"ತಿದ್ದಿದ ಕೈ ಹೇಗಿದೆ?" ಎಂದು ಗುರುಗಳು ಕೇಳಿದರು.

ಚಂದವ್ವೆಗೆ ನಗು ತಡೆಯಲಾಗಲಿಲ್ಲ. ಕಟ್ಟು ಬಿಚ್ಚಿಕೊಂಡು ಮತ್ತೆ ಹತ್ತಿ, ಗಳ ಊರಿ ಒತ್ತಿದಳು. ಹೆಗಲು ಜಾರಿತು, ಬೆನ್ನು ಎಳೆಯಿತು, ತೋಳು ಮುಂದಕ್ಕೆ ಹೋಗುತ್ತಲೇ ಇತ್ತು.

"ಬೆಳೆಯುತ್ತೆ ಗುರುಗಳೇ!" ಅವಳು ಕೂಗಿಕೊಂಡಳು. "ಒತ್ತುವಾಗ ಕೈ ಬೆಳೆಯುತ್ತೆ! ಅವನು ಕೈ ಅಳೆದು ಬರೆದಿಲ್ಲ, ಗಳ ಹಾಕಿ ಬರೆದಿದ್ದಾನೆ!"

"ಕೂಗಬೇಡ, ಮೀನು ಹೆದರಿಯಾವು."

ಅಂದಿನಿಂದ ಚಂದವ್ವೆಗೆ ಬೇಸರವೆಂಬುದು ಹತ್ತಿರ ಸುಳಿಯಲಿಲ್ಲ. ಮುಖ ತೊಳೆಯುವ ಮೊದಲೇ ಗೋಡೆಯ ಮುಂದೆ ಇರುತ್ತಿದ್ದಳು. ಕೈ ಬಂತು, ಗಳ ಬಂತು, ಮೇಕೆಮರಿಯ ಮಡಿಸಿದ ಕಿವಿಯೂ ಬಂತು. ಅಂಬಿಗನ ಬೆನ್ನು ಮಾತ್ರ ಬರಲೊಲ್ಲದು.

"ಗುರುಗಳೇ, ನಾನು ಬರೆದರೆ ಅದು ಗೋಡೆಗೆ ಆನಿಸಿದ ಏಣಿಯ ಹಾಗೆ ಕಾಣುತ್ತದೆ. ಗೆರೆ ಅದೇ, ಬೆನ್ನು ಅದಲ್ಲ. ಯಾಕೆ?"

"ಹಿರಿಯನ ಕುಂಚ ಎಲ್ಲಿ ಒಣಗಿತು, ನೋಡಿದೆಯಾ?"

ಅವಳು ನೋಡಿರಲಿಲ್ಲ. ಹೋಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

ಕತ್ತಿನ ಬುಡದಲ್ಲಿ ಕಾವಿಬಣ್ಣ ದಟ್ಟವಾಗಿತ್ತು. ಸೊಂಟದ ಹತ್ತಿರ ತೆಳುವಾಗಿತ್ತು. ಹಿಮ್ಮಡಿಗೆ ಬರುವಷ್ಟರಲ್ಲಿ ಬಣ್ಣ ತೀರಿ, ಕುಂಚದ ಕೂದಲಿನ ಗೀರುಗಳಷ್ಟೇ ಉಳಿದಿದ್ದವು. ನಡುವೆ ಎಲ್ಲೂ ಬೆಸುಗೆಯಿಲ್ಲ. ಕತ್ತಿನಿಂದ ಹಿಮ್ಮಡಿಯವರೆಗೆ ಒಂದೇ ಗೆರೆ, ಒಂದೇ ಉಸಿರು.

ಅವಳು ಬೆರಳನ್ನು ಕತ್ತಿನ ಬುಡದ ಎದುರು ಹಿಡಿದು, ಗೋಡೆ ಮುಟ್ಟದೆ, ಗೆರೆಯ ಜೊತೆ ಇಳಿಸುತ್ತ ಬಂದಳು. ಬೆನ್ನು ಬಾಗಿತು. ಮೊಣಕಾಲು ಮಡಿಯಿತು. ಬೆರಳು ಹಿಮ್ಮಡಿಗೆ ಬಂದಾಗ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು.

ಚಂಗನೆ ಎದ್ದು ಗುಡಿಸಲಿಗೆ ಓಡಿದಳು. ಗುರುಗಳು ಅಕ್ಕಿ ತೊಳೆಯುತ್ತಿದ್ದರು.

"ಕೂತು ಬರೆದದ್ದಲ್ಲ ಗುರುಗಳೇ! ನಿಂತು ಶುರುಮಾಡಿ, ಬಾಗುತ್ತ ಬಾಗುತ್ತ ಕೂತು ಮುಗಿಸಿದ್ದಾನೆ! ಅಂಬಿಗ ಗಳ ಒತ್ತಿದ ಹಾಗೆ ಇವನು ಕುಂಚ ಒತ್ತಿದ್ದಾನೆ! ಹಲಗೆಯ ಮೇಲೆ ಅದು ಎಲ್ಲಿಂದ ಬರಬೇಕು? ನನಗೊಂದು ಗೋಡೆ ಕೊಡಿ!"

"ಯಾವ ಗೋಡೆ?"

ಅಷ್ಟರಲ್ಲಿ ಅವಳು ಒಲೆಯ ಪಕ್ಕದ ಇದ್ದಿಲು ಎತ್ತಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಅಡುಗೆಮನೆಯ ಗೋಡೆಗಳ ತುಂಬ ಅಂಬಿಗರ ಬೆನ್ನುಗಳು. ಮೊದಲಿನವು ಏಣಿಗಳು. ಆಮೇಲಿನವು ಬಿದಿರು. ಬಾಗಿಲ ಪಕ್ಕದ ಕೊನೆಯದು ಮನುಷ್ಯನ ಬೆನ್ನು. ಅದರಲ್ಲಿ ಹೊಳೆಯ ಭಾರವಿತ್ತು.

ಗುರುಗಳು ತಟ್ಟೆ ಹಿಡಿದು ನಿಂತು ಸುತ್ತಲೂ ನೋಡಿದರು.

"ಇಷ್ಟು ಜನ ಬರುತ್ತಾರೆಂದು ಮೊದಲೇ ಹೇಳಬಾರದೇ? ಅನ್ನ ಇಬ್ಬರಿಗೆ ಮಾತ್ರ ಮಾಡಿದ್ದೇನೆ."

ಮರುವರ್ಷ ಮಳೆ ಬೇಗ ಹಿಡಿಯಿತು. ಮಂಟಪದ ಗೋಡೆ ನೀರು ಕುಡಿಯಿತು. ಒಂದು ಬೆಳಗ್ಗೆ ಚಂದವ್ವೆ ಬಂದಾಗ ನೆಲದ ಮೇಲೆ ಗಾರೆಯ ಚೂರುಗಳು ಬಿದ್ದಿದ್ದವು. ಅಜ್ಜಿಯ ಮುಖವಿಲ್ಲ, ಮಡಿಲಿಲ್ಲ, ಮೇಕೆಮರಿಯಿಲ್ಲ. ಅಂಬಿಗ ಒಬ್ಬನೇ ಗಳ ಹಾಕುತ್ತಿದ್ದ.

ಅವಳು ಚೂರುಗಳನ್ನು ಬಾಚಿ ಸೆರಗಿಗೆ ಹಾಕಿಕೊಳ್ಳುತ್ತ ಅತ್ತಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅಳು ಅಲ್ಲೇ ನಿಂತಿತು.

ಗಾರೆ ಉದುರಿದ ಕಡೆ ಬರಿಗೋಡೆ ಇರಲಿಲ್ಲ. ಒಳಗೆ ಇನ್ನೊಂದು ಹಳೆಯ ಗಾರೆ ಇತ್ತು. ಅದರ ಮೇಲೆ ಇನ್ನೊಬ್ಬ ಅಜ್ಜಿ.

"ಗುರುಗಳೇ! ಗುರುಗಳೇ!"

ಆ ಕೂಗಿಗೆ ಗುರುಗಳು ಓಡಿಬಂದರು. ಅವರು ಓಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಗೋಡೆಯ ಮುಂದೆ ನಿಂತವರ ಬಾಯಿ ತೆರೆದೇ ಇತ್ತು.

"ಇದು ನಿಮಗೆ ಗೊತ್ತಿತ್ತೇ?"

"ಇಲ್ಲ ಮಗಳೇ. ಒಂದು ಜನ್ಮವೆಲ್ಲ ಇದರ ಮುಂದೆ ಕೂತೆ. ಗೊತ್ತಿರಲಿಲ್ಲ."

ಇಬ್ಬರೂ ಮಕ್ಕಳ ಹಾಗೆ ಒಬ್ಬರನ್ನೊಬ್ಬರು ತಳ್ಳಿಕೊಂಡು ನೋಡಿದರು.

"ಮೇಕೆಮರಿಯ ಕಿವಿ ನೋಡಿ, ಅದೇ ಮಡಿಕೆ!"

"ಸೆರಗಿನ ಗಂಟು ನೋಡು, ಅದೇ!"

"ಹರಿಗೋಲಿನ ಅಂಚಿನ ಹೆಣಿಗೆಯೂ ಅದೇ ಗುರುಗಳೇ! ಹಿರಿಯನಿಗೂ ಒಬ್ಬ ಹಿರಿಯ ಇದ್ದ! ಅವನೂ ನನ್ನ ಹಾಗೆಯೇ ನೋಡಿ ನೋಡಿ ಬರೆದ!"

ಒಂದು ಮಾತ್ರ ಬೇರೆ ಇತ್ತು. ಒಳಗಿನ ಅಜ್ಜಿ ಗೊಂಬೆಯ ಹಾಗೆ ಕಣ್ಣರಳಿಸಿ ನೇರ ಮುಂದಕ್ಕೆ ನೋಡುತ್ತಿದ್ದಳು. ಅವಳ ಕತ್ತನ್ನು ಹಿಂದಕ್ಕೆ ಹೊರಳಿಸಿದವನು ಹಿರಿಯ.

ಚಂದವ್ವೆ ಗೋಡೆಗೆ ಇನ್ನೂ ಹತ್ತಿರ ಬಂದಳು. "ಎಲ್ಲವನ್ನೂ ಹಾಗೆಯೇ ಇಟ್ಟು, ಇದೊಂದು ಕತ್ತು ಹೊರಳಿಸಿದನೇ?"

ಗುರುಗಳು ಕಣ್ಣಿಗೆ ಸುಣ್ಣದ ಧೂಳು ಬಿತ್ತೆಂದು ಒರೆಸಿಕೊಂಡರು.

ಊರಗೌಡ ಹಂಪನಗೌಡರು ಬಂದು ನೋಡಿದರು. "ಈ ತೂತಿನಿಂದ ಇನ್ನೊಂದು ಮಳೆ ಒಳಗೆ ಹೋದರೆ ಇಡೀ ಗೋಡೆ ಕುಸಿಯುತ್ತದೆ. ಬೇಗ ಗಾರೆ ಮೆತ್ತಿ ಮುಚ್ಚಿ, ಸಿಂಗೋಜರೇ. ಮುಚ್ಚಿ, ಅಜ್ಜಿಯನ್ನು ಮೊದಲಿನ ಹಾಗೇ ಬರೆದುಬಿಡಿ. ನಮ್ಮ ತಾತ ಮುತ್ತಾತರು ನೋಡಿದ ಅಜ್ಜಿ."

"ನನ್ನ ಕೈ ನಡುಗುತ್ತದೆ ಗೌಡರೇ," ಎಂದರು ಗುರುಗಳು. "ಇವಳು ಬರೆಯುತ್ತಾಳೆ."

ಗೌಡರು ಚಂದವ್ವೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ಮೊದಲಿನ ಹಾಗೇ ಬರಬೇಕು ತಾಯಿ."

"ಬರುತ್ತದೆ," ಎಂದಳು ಚಂದವ್ವೆ. ಕಣ್ಣು ಮುಚ್ಚಿ ಬರೆದರೂ ಬಂದೀತು ಎನ್ನುವಷ್ಟು ಧೈರ್ಯವಿತ್ತು.

ಮರುದಿನ ಮೋಡ ಸರಿದಿತ್ತು. ಗುರುಗಳು ಕರಣೆ ಹಿಡಿದು ಗಾರೆ ಮೆತ್ತಲು ಬಂದಾಗ ಅವಳು ಅಡ್ಡ ನಿಂತಳು.

"ಒಳಗಿನ ಅಜ್ಜಿ ಮತ್ತೆ ಮುಚ್ಚಿಹೋಗುತ್ತಾಳೆ ಗುರುಗಳೇ."

"ನೋಡಿಕೊಂಡೆಯಾ?"

"ನೋಡಿಕೊಂಡೆ."

"ಹಾಗಾದರೆ ಎಲ್ಲಿಗೆ ಹೋಗುತ್ತಾಳೆ?"

ಅವರು ಗಾರೆ ಮೆತ್ತಿ ನಯಮಾಡಿದರು. ಗಾರೆ ಹಸಿಯಿದ್ದಾಗ ಬರೆದರೆ ಬಣ್ಣ ಒಳಗಿಳಿದು ಉಳಿಯುತ್ತದೆ. ಒಣಗಿದ ಮೇಲೆ ಬರೆದದ್ದು ಉದುರಿಹೋಗುತ್ತದೆ. ಅಳಿಸಿ ಬರೆಯಲು ಸಮಯವಿಲ್ಲ.

ಚಂದವ್ವೆ ಕುಂಚ ಅದ್ದಿದಳು.

ಹರಿಗೋಲಿನ ಅಂಚು ಹರಿದುಬಂತು. ಮಡಿಲು, ಸೆರಗು, ಗಂಟು, ಮರಿಯ ಮಡಿಸಿದ ಕಿವಿ, ಒಂದರ ಹಿಂದೊಂದು ಬಂದವು. ಅವಳ ಕೈ ಕುದುರೆಯಾಗಿತ್ತು. ಹಿರಿಯ ಮೈ ಬಾಗಿಸಿದಲ್ಲಿ ತಾನೂ ಬಾಗಿದಳು, ಅವನು ಉಸಿರು ಹಿಡಿದಲ್ಲಿ ತಾನೂ ಹಿಡಿದಳು. ಅಜ್ಜಿಯ ಹೆಗಲು ಬಂತು. ಕತ್ತು ಬಂತು.

ಕೈ ನಿಂತಿತು.

ಮುಂದೆ ನೋಡುವ ಮುಖವೂ ಅವಳಿಗೆ ಗೊತ್ತು, ಹಿಂದೆ ನೋಡುವ ಮುಖವೂ ಗೊತ್ತು. ಗಾರೆ ಒಣಗುತ್ತಿತ್ತು.

"ಗುರುಗಳೇ, ಯಾವ ಮುಖ?"

ಗುರುಗಳು ಕರಣೆ ಎತ್ತಿಕೊಂಡು, ತೊಳೆಯಲೆಂದು ಹೊಳೆಗೆ ಇಳಿದುಹೋದರು.

ಚಂದವ್ವೆ ಕುಂಚವನ್ನು ಹಸಿ ಗಾರೆಗೆ ತಾಗಿಸಿದಳು. ಹಿರಿಯನ ತಿರುವಿನಿಂದಲೇ ಗೆರೆ ಹೊರಟಿತು. ಆದರೆ ಹಿಂದಕ್ಕೆ ಹೊರಳಬೇಕಾದಲ್ಲಿ ಹೊರಳಲಿಲ್ಲ. ಕೆಳಗೆ ಬಾಗಿತು. ಅಜ್ಜಿ ಯಾವ ದಂಡೆಯನ್ನೂ ನೋಡದೆ ಮಡಿಲಿನ ಮರಿಯ ಕಡೆ ಮುಖ ಬಗ್ಗಿಸಿದಳು. ಕೆಳತುಟಿ ತುಸು ಮುಂದೆ ಬಂತು, ಹೆದರಿದ ಮರಿಗೆ ಏನೋ ಹೇಳುತ್ತಿರುವ ಹಾಗೆ.

ಅವಳು ಕುಂಚ ಎತ್ತಿದಳು. ಮೊದಲು ಉಕ್ಕಿದ್ದು ಹಿಗ್ಗು. ಹಿಂದೆಯೇ ಬಂದದ್ದು ಭಯ. ಮೊದಲಿನ ಹಾಗೇ ಬರುತ್ತದೆ ಎಂದು ಮಾತು ಕೊಟ್ಟಿದ್ದಳಲ್ಲ!

ಊರವರು ಬಂದರು. ಗೌಡರು ಬಹಳ ಹೊತ್ತು ನೋಡಿ, "ನಮ್ಮ ಅಜ್ಜಿಯೇ," ಎಂದು ತಲೆಯಾಡಿಸಿದರು. ನೀರಿಗೆ ಬಂದ ಹೆಂಗಸೊಬ್ಬಳು ಕೊಡ ಇಳಿಸಿ, "ಅಜ್ಜಿ ಮರಿಗೆ ಏನು ಹೇಳ್ತಾ ಇದ್ದಾಳೆ?" ಎಂದು ಕೇಳಿದಳು. ಚಂದವ್ವೆ ತಲೆ ತಗ್ಗಿಸಿದಳು.

ಗುರುಗಳು ಬಂದರು. ನೋಡಿದರು. ಒಂದು ಮಾತೂ ಆಡದೆ ಗುಡಿಸಲಿಗೆ ನಡೆದರು.

ಮಾತಾಡಿ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಬೆಳಗಾಗುತ್ತಲೇ ಕಾಲಿಗೆ ಬೀಳಬೇಕೆಂದು ಗುಡಿಸಲಿಗೆ ಹೋದಳು. ಗುರುಗಳಿರಲಿಲ್ಲ. ಒಲೆ ತಣ್ಣಗಿತ್ತು. ಮಂಟಪಕ್ಕೆ ಓಡಿದಳು.

ಗುರುಗಳು ಗೋಡೆಯ ಮುಂದೆ ನೆಲದ ಮೇಲೆ ಕೂತಿದ್ದರು. ಮೊಣಕಾಲ ಮೇಲೆ ಹಲಗೆ, ನಡುಗುವ ಕೈಯಲ್ಲಿ ಕುಂಚ. ಗೋಡೆ ನೋಡುವರು, ಗೆರೆ ಎಳೆಯುವರು, ಒರೆಸುವರು, ಮತ್ತೆ ಗೋಡೆ ನೋಡುವರು.

"ಗುರುಗಳೇ, ನನ್ನಿಂದ ತಪ್ಪಾಯಿತು. ನೀವು ಹೇಳಿದರೆ ಈಗಲೇ ಕೆರೆದು ಹಾಕುತ್ತೇನೆ. ನೀವು ಯಾಕೆ..."

"ಶ್! ಸುಮ್ಮನಿರು ಮಗಳೇ. ಅಜ್ಜಿಯ ಕೆಳತುಟಿ ಇನ್ನೂ ನನ್ನ ಕೈಗೆ ಬಂದಿಲ್ಲ."