ಮಸುಕಾದ ನಮೂನೆ

ಶಿಷ್ಯ ಕೇಳಿದ: "ಗುರುಗಳೇ, ನಿಮ್ಮ ಮಾತುಗಳನ್ನು ಹಿರಿಯ ಶಿಷ್ಯರು ಬರೆದಿಟ್ಟಿದ್ದಾರೆ. ನಾನು ಊರೂರಿಗೆ ಹೋಗಿ ಅವನ್ನೇ ಒಂದಕ್ಷರ ಬಿಡದೆ ಓದುತ್ತೇನೆ. ಜನ ತೂಕಡಿಸುತ್ತಾರೆ. ಇನ್ನೂ ಗಟ್ಟಿಯಾಗಿ ಓದಬೇಕೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪಿಂಚಣಿ ಕಚೇರಿಗೆ ಒಬ್ಬ ಹೆಣ್ಣುಮಗಳು ಗುಮಾಸ್ತೆಯಾಗಿ ಸೇರಿದಳು. ಹೊಸಬಳಿಗೆ ಏನು ಕೆಲಸ ಕೊಡಬೇಕೆಂದು ತೋಚದೆ, ಮೂಲೆಯಲ್ಲಿದ್ದ ಜೆರಾಕ್ಸ್ ಮಷೀನನ್ನು ಅವಳಿಗೆ ಒಪ್ಪಿಸಿದರು. ಅವಳು ಅದುವರೆಗೆ ಅಂಥ ಮಷೀನನ್ನು ಮುಟ್ಟಿದವಳಲ್ಲ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಅಲ್ಲಿಗೆ ಬಂದು, ತಾವಿನ್ನೂ ಬದುಕಿದ್ದೇವೆಂದು ಒಂದು ನಮೂನೆಗೆ ಸಹಿ ಹಾಕಬೇಕಿತ್ತು. ಆ ನಮೂನೆಯ ಪ್ರತಿ ತೆಗೆದು ಕೊಡುವುದೇ ಅವಳ ಕೆಲಸ. ಮೊದಲ ದಿನವೇ ಪ್ರತಿಗಳು ಮಸುಕಾಗಿ ಬಂದವು. ಎಂಬತ್ತು ದಾಟಿದ ಒಬ್ಬ ಮುದುಕಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದರಲ್ಲಿ ನನಗೆ ಏನೂ ಕಾಣುತ್ತಿಲ್ಲವಲ್ಲ ಮಗಳೇ" ಎಂದಳು.

ಹೆಡ್ ಗುಮಾಸ್ತ ಕುಳಿತಲ್ಲಿಂದಲೇ ಹೇಳಿದ: "ಕಣ್ಣಿಗೆ ಪೊರೆ ಬಂದಿದೆ ಅಜ್ಜಿ. ತೋರಿಸಿಕೊಳ್ಳಿ."

"ಪೊರೆ ತೆಗೆಸಿ ಎಂಟು ತಿಂಗಳಾಯಿತಪ್ಪ" ಎಂದಳು ಮುದುಕಿ. "ನಿನ್ನ ಅಂಗಿಯ ಗುಂಡಿ ಒಂದು ಕಿತ್ತುಹೋಗಿರುವುದು ಇಲ್ಲಿಂದಲೇ ಕಾಣುತ್ತಿದೆ."

ಹೆಡ್ ಗುಮಾಸ್ತ ಎದೆ ಮುಟ್ಟಿ ನೋಡಿಕೊಂಡ. ಗುಮಾಸ್ತೆ ಆ ಕಾಗದವನ್ನು ತಾನೂ ಬೆಳಕಿಗೆ ಹಿಡಿದಳು. ಇಪ್ಪತ್ತಾರು ವರ್ಷದ ಅವಳ ಕಣ್ಣಿಗೂ ಏನೂ ಕಾಣಲಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಮುದುಕಿ ಕೇಳಿದಾಗ, ಕೆಳಗಿದ್ದ ಮಾಸಲು ಗೀಟನ್ನು ಹೆಡ್ ಗುಮಾಸ್ತ ತೋರಿಸಿದ. ಮುದುಕಿ ಅದರ ಮೇಲೆ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಗುಮಾಸ್ತೆಗೆ ನಾಚಿಕೆಯಾಯಿತು. ಮಷೀನು ತನ್ನ ವಶಕ್ಕೆ ಬಂದ ದಿನವೇ ಹೀಗಾಯಿತಲ್ಲ ಎಂದುಕೊಂಡಳು. ಏನು ಮಾಡಲೆಂದು ಕೇಳಿದರೆ ಕಚೇರಿಯಲ್ಲಿ ಎಲ್ಲರ ಬಳಿಯೂ ಉತ್ತರವಿತ್ತು. ಒಬ್ಬ ಕಾಗದಕ್ಕೆ ಥಂಡಿ ಹಿಡಿದಿದೆ ಎಂದ. ಅವಳು ಹೊಸ ಕಟ್ಟು ಒಡೆದಳು. ಪ್ರತಿ ಮಸುಕಾಗಿಯೇ ಬಂತು. ಇನ್ನೊಬ್ಬ ಗಾಜಿಗೆ ಧೂಳು ಕೂತಿದೆ ಎಂದ. ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಗಾಜು ಹೊಳೆಯಿತು, ಪ್ರತಿ ಹೊಳೆಯಲಿಲ್ಲ. ಕಪ್ಪು ಹೆಚ್ಚಿಸುವ ಗುಂಡಿ ಒತ್ತಿದಳು. ಅಕ್ಷರದ ಜೊತೆ ಬಿಳಿ ಕಾಗದವೂ ಬೂದಿ ಬಣ್ಣಕ್ಕೆ ತಿರುಗಿತು. ಮುಚ್ಚಳದ ಒಳಗೆ ಒಂದು ಚಿತ್ರವಿತ್ತು. ಅದರಲ್ಲಿದ್ದಂತೆ ಟೋನರ್ ಡಬ್ಬಿಯನ್ನು ಹೊರಗೆಳೆದು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ಎಷ್ಟು ಸಲ ಕುಲುಕಬೇಕೆಂದು ಚಿತ್ರ ಹೇಳಿರಲಿಲ್ಲ. ಕರಿ ಪುಡಿ ಸೀರೆಯ ಮೇಲೆ ಚೆಲ್ಲಿತು. ಅಂದು ಆ ಕಚೇರಿಯಲ್ಲಿ ಕಪ್ಪಗೆ ಅಚ್ಚಾದದ್ದು ಅವಳ ಸೆರಗು ಮಾತ್ರ. ಮೂರನೆಯವನು ಎದ್ದು ಬಂದು ಮಷೀನಿನ ಎಡಗಡೆಗೆ ಒಂದು ಗುದ್ದು ಕೊಟ್ಟು, ಹಳೆಯ ಮಷೀನಿಗೆ ಇದರಿಂದ ಗುಣವಾಗುತ್ತಿತ್ತು ಎಂದು ಹೇಳಿ ಹೋಗಿ ಕುಳಿತ.

ಮೆಕ್ಯಾನಿಕ್ಕಿಗೆ ಫೋನು ಮಾಡಿದರು. ಅವನು ನಾಳೆ ಬರುತ್ತೇನೆಂದ. ನಾಲ್ಕು ದಿನ ಅದನ್ನೇ ಹೇಳಿದ.

ಐದನೆಯ ದಿನ ಅವಳಿಗೆ ತನ್ನ ನೇಮಕದ ಆದೇಶದ ಒಂದು ಪ್ರತಿ ಬೇಕಾಯಿತು. ಹೇಗೆ ಬಂದರೆ ಹಾಗೆ ಬರಲೆಂದು ಗಾಜಿನ ಮೇಲಿಟ್ಟು ಗುಂಡಿ ಒತ್ತಿದಳು. ಅದು ಕಾಡಿಗೆಯಂತೆ ಬಂತು. ಮಷೀನು ಸರಿಹೋಯಿತೆಂದು ಹಿಗ್ಗಿ ನಮೂನೆಯನ್ನಿಟ್ಟಳು. ಮಸುಕು. ಮತ್ತೆ ಆದೇಶವನ್ನಿಟ್ಟಳು. ಕಾಡಿಗೆ.

ಆಗ ಅವಳು ಮಷೀನನ್ನು ಬಿಟ್ಟು, ಇಷ್ಟು ದಿನ ಅದಕ್ಕೆ ತಿನ್ನಿಸುತ್ತಿದ್ದ ಕಾಗದವನ್ನು ನೋಡಿದಳು. ಅದರಲ್ಲಿ ಒಂದು ಮಡಿಕೆಯ ಗುರುತಿತ್ತು. ಆದರೆ ಆ ಕಾಗದವನ್ನು ಯಾರೂ ಮಡಿಸಿರಲಿಲ್ಲ. ಯಾರದೋ ಹೆಬ್ಬೆರಳಿನ ಕಲೆಯೂ ಇತ್ತು. ಒರೆಸಿದರೆ ಹೋಗಲಿಲ್ಲ. ಆ ಕಾಗದವೇ ಇನ್ನೊಂದರ ಪ್ರತಿಯಾಗಿತ್ತು.

"ಸಾರ್, ಇದರ ಮೂಲ ಎಲ್ಲಿದೆ?" ಎಂದು ಕೇಳಿದಳು.

"ಇದೇ ಮೂಲ ಕಣಮ್ಮ. ನಾನು ಸೇರಿದಾಗಿನಿಂದ ಇದೇ" ಎಂದ ಹೆಡ್ ಗುಮಾಸ್ತ.

ಅವಳು ಬೀರು ತೆಗೆದು ಇಡೀ ಮಧ್ಯಾಹ್ನ ಹುಡುಕಿದಳು. ತೀರ ಕೆಳಗಿನ ಕಡತದಲ್ಲಿ ಅಚ್ಚಾದ ನಮೂನೆ ಸಿಕ್ಕಿತು. ಹಾಳೆ ಹಳದಿಯಾಗಿತ್ತು, ಅಕ್ಷರ ಕಪ್ಪಗಿತ್ತು. ಸಹಿ ಹಾಕುವ ಗೀಟೆಂದು ಎಲ್ಲರೂ ನಂಬಿದ್ದ ಜಾಗದಲ್ಲಿ ಗೀಟಿರಲಿಲ್ಲ. ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ಎಪ್ಪತ್ತೈದು ವರ್ಷ ದಾಟಿದವರು ಕಚೇರಿಗೆ ಬರಬೇಕಾಗಿಲ್ಲ. ಕಚೇರಿಯವರೇ ಅವರ ಮನೆಗೆ ಹೋಗಿ ಸಹಿ ಪಡೆಯತಕ್ಕದ್ದು."

ಅವಳು ಅದನ್ನು ಎರಡು ಸಲ ಓದಿದಳು. ಎಷ್ಟು ವರ್ಷದಿಂದಲೋ, ಎಷ್ಟು ಜನ ಮುದುಕರೋ, ಬರಬೇಕಾಗಿಲ್ಲ ಎಂಬ ಮಾತಿನ ಮೇಲೆಯೇ ಬಂದು ಸಹಿ ಹಾಕಿ ಹೋಗಿದ್ದರು.

ಹೊಸ ಪ್ರತಿಯನ್ನು ಹೆಡ್ ಗುಮಾಸ್ತನ ಮುಂದಿಟ್ಟಳು. ಅವನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದವರತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಇಷ್ಟು ಕಪ್ಪಗೆ ಬರಬೇಕಾಗಿರಲಿಲ್ಲ. ಹಳೆಯ ಪ್ರತಿಯೇ ಕಣ್ಣಿಗೆ ಹಿತವಾಗಿತ್ತು."

ಅಷ್ಟರಲ್ಲಿ ಅವಳು ಹೊಸ ಪ್ರತಿಗಳನ್ನು ಬೆಂಚಿನವರಿಗೆಲ್ಲ ಹಂಚಿಯಾಗಿತ್ತು.

ಮುಂದಿನ ವಾರ ಹೆಡ್ ಗುಮಾಸ್ತನೂ ಗುಮಾಸ್ತೆಯೂ ಹೊಸ ಪ್ರತಿಗೆ ಮತ್ತೆ ಸಹಿ ಪಡೆಯಲು ಎರಡು ಬಸ್ಸು ಬದಲಾಯಿಸಿ ಆ ಮುದುಕಿಯ ಊರಿಗೆ ಹೋದರು. ಮುದುಕಿ ಇಬ್ಬರಿಗೂ ಮಜ್ಜಿಗೆ ಕೊಟ್ಟು, ನಮೂನೆಯನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿ ಸಹಿ ಹಾಕಿದಳು. ಗುಮಾಸ್ತೆ ಎರಡನೆಯ ಲೋಟವನ್ನೂ ಕುಡಿದಳು. ಹೆಡ್ ಗುಮಾಸ್ತ ಬಸ್ಸಿಗೆ ಹೊತ್ತಾಯಿತೆಂದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ನಕ್ಕ. ಹಿರಿಯ ಶಿಷ್ಯರು ಬರೆದದ್ದನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆಯ ಮೇಲೆ ಲೇಖನಿ ಊರಿದ.

"ತಿಳಿಯಿತು ಗುರುಗಳೇ" ಎಂದ. "ಇನ್ನು ಅವರ ಬರಹ ಬೇಡ. ನೀವೇ ಹೇಳಿ, ನಿಮ್ಮ ಬಾಯಿಂದ ಬಂದದ್ದನ್ನೇ ಬರೆದುಕೊಳ್ಳುತ್ತೇನೆ."

"ನಾನೂ ಒಬ್ಬರಿಂದ ಕೇಳಿ ಬರೆದುಕೊಂಡವನೇ" ಎಂದರು ಗುರುಗಳು.

ಶಿಷ್ಯನ ಲೇಖನಿ ಕಾಗದದ ಮೇಲೆಯೇ ನಿಂತಿತು.