ವಿಕೃತಿ ಸಂವತ್ಸರದ ಓಲೆ

ಹೊಳೆದಂಡೆಯ ಆ ಮಠದಲ್ಲಿ ವರ್ಷಕ್ಕೊಂದು ಓಲೆಗರಿ ಬರೆಯುತ್ತಿದ್ದರು. ಆ ವರ್ಷ ಯಾವ ಯಾವ ನಾಡಿನಲ್ಲಿ ಏನೇನಾಯಿತು ಎಂಬುದೆಲ್ಲ ಆ ಒಂದೇ ಗರಿಯಲ್ಲಿರಬೇಕು. ಯುಗಾದಿಯ ಬೆಳಗ್ಗೆ ಅದನ್ನು ಊರ ಮುಂದೆ ಓದುತ್ತಿದ್ದರು.

ಸುದ್ದಿ ತರುವವರು ದಾರಿಹೋಕರು. ಹರಿಗೋಲಿನಲ್ಲಿ ಹೊಳೆ ದಾಟಿ ಬಂದವರು ಮಠದಲ್ಲಿ ಉಂಡು, ಕಂಡದ್ದು ಕೇಳಿದ್ದು ಹೇಳಿ ಹೋಗುತ್ತಿದ್ದರು. ಶಿಷ್ಯ ಅದನ್ನು ಕಬ್ಬಿಣದ ಕಂಟದ ಮೊನೆಯಿಂದ ಗರಿಯ ಮೇಲೆ ಕೊರೆಯುತ್ತಿದ್ದ.

ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಮಸಿ ಸವರಿದರೆ ಮಾತ್ರ ಕಾಣುತ್ತದೆ. ಅದೇ ಸುದ್ದಿಯನ್ನು ಎರಡನೆಯವನೊಬ್ಬ ಬಂದು ಹೇಳುವ ತನಕ ಮಸಿ ಸವರುವಂತಿಲ್ಲ. ಇದು ಮಠದ ಕಟ್ಟಳೆ.

ವಿಕೃತಿ ಸಂವತ್ಸರದ ಓಲೆಯನ್ನು ಗಂಗರಾಶಿ ಗುರುಗಳು ಶಿಷ್ಯ ನಾಕಯ್ಯನಿಗೆ ವಹಿಸಿದರು. ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೀನದ ಯಾವ ಪಟ್ಟಣ ಸುಟ್ಟುಹೋಯಿತು ಎಂದು ಹೇಳಬಲ್ಲವನಾದ. ಮಠದ ಒಲೆಯ ಮೇಲೆ ಅನ್ನ ಸೀಯುತ್ತಿದ್ದುದು ಮಾತ್ರ ಅವನ ಮೂಗಿಗೆ ಬಡಿಯುತ್ತಿರಲಿಲ್ಲ.

ಫಾಲ್ಗುಣದ ಹೊತ್ತಿಗೆ ಹತ್ತು ಸಾಲು ತುಂಬಿತ್ತು. ಪಡುವಣದ ಒಂದು ನಾಡಿನಲ್ಲಿ ಅಣ್ಣತಮ್ಮಂದಿರು ಕಿರೀಟಕ್ಕಾಗಿ ಬಡಿದಾಡಿ ಇಬ್ಬರೂ ಸತ್ತಿದ್ದರು. ಬಡಗಣ ಬೆಟ್ಟಗಳಲ್ಲಿ ನೆಲ ನಡುಗಿತ್ತು. ಹಗಲು ಹೊತ್ತಿನಲ್ಲೇ ಒಂದು ಹೊಸ ನಕ್ಷತ್ರ ಕಂಡಿತ್ತಂತೆ. ಹತ್ತಕ್ಕೂ ಮಸಿ ಬಿದ್ದಿತ್ತು.

ಹನ್ನೊಂದನೆಯದನ್ನು ಹೇಳಿದವನು ಮೆಣಸಿನ ವ್ಯಾಪಾರಿ. ಅರಬ್ಬರ ನಾಡಿಗೆ ಕುದುರೆ ತರಲು ಹೋದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು, ಒಬ್ಬರೂ ಉಳಿಯಲಿಲ್ಲ ಎಂದಿದ್ದ.

ಆ ಹಡಗಿನಲ್ಲಿ ಇದೇ ಊರಿನ ದೇಕಣ್ಣನಿದ್ದ. ಅವನ ಹೆಂಡತಿ ಬಾಗವ್ವೆ ಒಂದೂವರೆ ವರ್ಷದಿಂದ ದಾರಿ ನೋಡುತ್ತಿದ್ದಳು.

ನಾಕಯ್ಯನಿಗೆ ಅಯ್ಯೋ ಎನಿಸದೆ ಇರಲಿಲ್ಲ. ಆದರೆ ವರ್ಷದ ದೊಡ್ಡ ಸುದ್ದಿ ಅದೇ ಎಂದೂ ಎನಿಸಿತು. ಯುಗಾದಿಗೆ ಎರಡು ದಿನವಿರುವಾಗ ಬಳೆಗಾರ ಸಂಕಣ್ಣ ಬಂದು ಅದನ್ನೇ ಹೇಳಿದ. ಅವನು ಉಂಡ ಎಲೆ ಎತ್ತುವ ಮೊದಲೇ ನಾಕಯ್ಯ ಮಸಿ ಸವರಿಬಿಟ್ಟ.

ಮರುದಿನ ಗುರುಗಳು ಗರಿಯನ್ನು ಬಿಸಿಲಿಗೆ ಹಿಡಿದು ಓದಿದರು.

“ಬಳೆಗಾರನಿಗೆ ಇದನ್ನು ಯಾರು ಹೇಳಿದರು?”

“ಕೇಳಲಿಲ್ಲ, ಗುರುಗಳೇ. ಇಬ್ಬರು ಹೇಳಿದರಲ್ಲ.”

“ಹೋಗಿ ಕೇಳು.”

ಹಬ್ಬ ನಾಳೆಯೇ ಇದೆ, ಇಷ್ಟು ಹೊತ್ತಿಗೆ ಬಳೆಗಾರ ಯಾವ ಕೇರಿಯಲ್ಲಿದ್ದಾನೋ ಎಂದು ನಾಕಯ್ಯ ಗೊಣಗಿದ. ಬಾಗವ್ವೆಯ ಜಗಲಿಯ ಮೇಲಿದ್ದಾನೆ ಎಂದರು ಗುರುಗಳು.

ಆ ಮನೆಗೆ ನೂರು ಹೆಜ್ಜೆ. ನಾಕಯ್ಯನಿಗೆ ಅದು ಮುಗಿಯಲೇ ಇಲ್ಲ.

ಜಗಲಿಯ ತುಂಬ ಹೆಂಗಸರು. ನಡುವೆ ಬಾಗವ್ವೆ ಕೈ ನೀಡಿ ಕೂತಿದ್ದಳು. ಸಂಕಣ್ಣ ಅವಳ ಬೆರಳು ಮಡಿಚಿ ಹಸಿರು ಬಳೆ ಏರಿಸುತ್ತಿದ್ದ. ಈ ಕೈ ಯಾರ ಹೆಂಡತಿಯದು ಎಂದು ಅವನಿಗೆ ತಿಳಿದಿರಲಿಲ್ಲ.

“ಏನು ನಾಕಯ್ಯ,” ಎಂದಳು ಬಾಗವ್ವೆ, “ಮಠದವರೂ ಬಳೆ ತೊಡುವುದಕ್ಕೆ ಶುರು ಮಾಡಿದಿರಾ?”

ಹೆಂಗಸರು ನಕ್ಕರು. ನಾಕಯ್ಯ ಅವಳ ಇನ್ನೊಂದು ಕೈಗೂ ಬಳೆ ಏರುವ ತನಕ ನಿಂತಿದ್ದು, ಆಮೇಲೆ ಸಂಕಣ್ಣನನ್ನು ಬೇವಿನ ಮರದ ಆಚೆಗೆ ಕರೆದ. ಹಡಗಿನ ಸುದ್ದಿ ಯಾರಿಂದ ಬಂತೆಂದು ಮೆಲ್ಲಗೆ ಕೇಳಿದ.

“ಇನ್ಯಾರಿಂದ? ಆ ಮೆಣಸಿನವನಿಂದ. ಛತ್ರದಲ್ಲಿ ಒಂದೇ ಕಂಬಕ್ಕೆ ಒರಗಿ ಕೂತಿದ್ದೆವು. ನಾನೆಲ್ಲಿ, ಕಡಲೆಲ್ಲಿ, ಅಯ್ಯಾ.”

ಎರಡು ಬಾಯಿ ಅಂದುಕೊಂಡದ್ದು ಒಂದೇ ಬಾಯಿ. ನಾಕಯ್ಯ ಅಲ್ಲೇ ಮರದ ಬುಡದಲ್ಲಿ ಕೂತ. ನಾಳೆ ಊರ ಮುಂದೆ ತಾನು ಓದಬೇಕಾಗಿದ್ದ ಸಾಲು ನೆನಪಾಯಿತು. ಆಮೇಲೆ ಎದ್ದು ಹೋಗಿ ಗುರುಗಳಿಗೆ ಹೇಳಿದ.

ಮಸಿ ಬಿದ್ದ ಅಕ್ಷರವನ್ನು ಅಳಿಸಲಾಗುವುದಿಲ್ಲ. ಗುರುಗಳು ಬಯ್ಯಲಿಲ್ಲ. ಹೊಸ ಗರಿಯೊಂದನ್ನು ಮುಂದಿಟ್ಟು ಎದ್ದುಹೋದರು. ನಾಕಯ್ಯ ಹತ್ತು ಸಾಲನ್ನೂ ಮೊದಲಿಂದ ಕೊರೆದ.

ಯುಗಾದಿಯ ಬೆಳಗ್ಗೆ ಹತ್ತು ಸಾಲು ಓದಿದ. ಇಷ್ಟೇನಾ, ಈ ವರ್ಷ ಲೋಕದಲ್ಲಿ ಏನೂ ನಡೆಯಲೇ ಇಲ್ಲವಾ ಎಂದು ಗೌಡರು ಆಕಳಿಸಿದರು. ಎಲ್ಲರೂ ಎದ್ದ ಮೇಲೆ ಬಾಗವ್ವೆ ಹತ್ತಿರ ಬಂದಳು.

“ಕಡಲಿನ ಸುದ್ದಿ ಏನೂ ಇಲ್ಲವೇನಪ್ಪ?”

“ನಂಬುವಂಥದ್ದು ಯಾವುದೂ ಬಂದಿಲ್ಲ, ಅವ್ವಾ.”

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, ಹೂರಣ ಒಲೆಯ ಮೇಲಿದೆ ಎಂದು ಮನೆಗೆ ನಡೆದಳು.

ವೈಶಾಖದಲ್ಲಿ ದೇಕಣ್ಣ ಬಂದ. ಹರಿಗೋಲಿನಿಂದ ಇಳಿದವನನ್ನು ಊರ ನಾಯಿಗಳೂ ಗುರುತಿಸಲಿಲ್ಲ, ಅಷ್ಟು ಸೊರಗಿದ್ದ. ಗಾಳಿ ಹಡಗನ್ನು ಗೊತ್ತಿಲ್ಲದ ರೇವಿಗೆ ಎಸೆದಿತ್ತಂತೆ. ಕುದುರೆಗಳು ಸತ್ತು, ಜನ ಉಳಿದಿದ್ದರು. ಬಾಗವ್ವೆ ಮೊದಲು ಅವನಿಗೆ ಬಾಯಿಗೆ ಬಂದಂತೆ ಬೈದಳು. ಆಮೇಲೆ ಅತ್ತಳು.

ನಾಕಯ್ಯ ಒಂದೇ ಉಸಿರಿಗೆ ಮಠಕ್ಕೆ ಓಡಿದ. ಗುರುಗಳು ದನಕ್ಕೆ ಹುಲ್ಲು ಹಾಕುತ್ತಿದ್ದರು.

“ಅವನು ಬದುಕಿದ್ದಾನೆಂದು ನಿಮಗೆ ಆಗಲೇ ಗೊತ್ತಿತ್ತಾ, ಗುರುಗಳೇ?”

“ಇಲ್ಲ. ಸತ್ತಿದ್ದಾನೆ ಎಂದೇ ತಿಳಿದಿದ್ದೆ.”

“ಮತ್ತೆ ನನ್ನನ್ನು ಯಾಕೆ ತಡೆದಿರಿ?”

ಗುರುಗಳು ಕೈಗೆ ಅಂಟಿದ ಹುಲ್ಲು ಕೊಡವಿಕೊಂಡರು.

“ಸತ್ತವನಿಗೆ ಏನು ಅವಸರವಿತ್ತು, ನಾಕಯ್ಯ?”