ಎರಡನೆಯ ಸಾಲು

"ನಾನಿಲ್ಲದಿದ್ದರೂ ಬೆಳಗಾಗುತ್ತದೆ," ಎಂದು ಬೆಳವಕ್ಕಿಯ ಹೆಂಡತಿ ಗಂಡನಿಗೆ ಹೇಳಿದಳು. ಅವನು ಉತ್ತರ ಕೊಡಲಿಲ್ಲ. ಅವಳು ಸತ್ತಳು.

ಅದು ಹಿಂದಿನ ಕಾಲದ ಇಬ್ರಿಯರ, ಎಂದರೆ ಹಳೆಯ ಯೆಹೂದಿಗಳ, ಊರು. ಊರಬಾಗಿಲಲ್ಲಿ ಕೂತ ಹಿರಿಯರು ಬುದ್ಧಿಮಾತನ್ನು ಒಮ್ಮೆ ಹೇಳಿ, ಅದನ್ನೇ ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಬಾಗಿಲ ಮೇಲಿನ ಹಕ್ಕಿಗಳೂ ಹಾಗೇ ಕಲಿತಿದ್ದವು. ಮೊದಲ ಸಾಲು ಗಂಡಿನದು, ಎರಡನೆಯದು ಹೆಣ್ಣಿನದು.

ಬೆಳವನ ಹೆಂಡತಿ ಸತ್ತ ಮೇಲೆ ಒಂದು ಸಂಜೆ ಅವನ ಪಕ್ಕದ ಗೂಡಿನ ಗಂಡುಗುಬ್ಬಿ, "ಸೋಮಾರಿಯ ಗೂಡು ಸೋರುತ್ತದೆ," ಅಂದಿತು.

ಹೆಣ್ಣುಗುಬ್ಬಿ ಕೂಡಲೇ, "ಮಲಗಿದವನ ಮರಿ ನೆನೆಯುತ್ತದೆ," ಅಂದಿತು.

ಬೆಳವನಿಗೆ ಹೊಟ್ಟೆ ಉರಿಯಿತು. ಅವರ ಗೂಡಿನ ಹುಲ್ಲು ಕಿತ್ತು ಕೆಳಗೆಸೆದ. "ಹೇಳಿದ್ದನ್ನೇ ಹೇಳೋದಕ್ಕೆ ನಿನಗೊಬ್ಬಳು ಹೆಂಡತಿ ಬೇರೆ ಬೇಕೇನೋ?"

ಹೆಣ್ಣುಗುಬ್ಬಿ ಹುಲ್ಲನ್ನು ತಿರುಗಿ ತಂದಿತು. "ಕೇಳಿಸಿಕೊಂಡೆ ಅಂತ ಇವರಿಗೆ ಇನ್ನು ಹೇಗೆ ತಿಳಿಸಲಿ, ಬೆಳವಣ್ಣಾ? ಎರಡನೆಯ ಸಾಲು ಇರೋದೇ ಅದಕ್ಕೆ."

ಬೆಳವನಿಗೆ ತನ್ನ ಹೆಂಡತಿಯ ಮಾತು ನೆನಪಾಯಿತು. ಕೊನೆಯ ದಿನ ಮೊದಲ ಸಾಲು ಹೇಳಿದವಳು ಅವಳು. ಎರಡನೆಯದನ್ನು ಯಾರೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಅವನು ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂತು, "ನೀನಿಲ್ಲದೆಯೂ ಸೂರ್ಯ ಬಂದ," ಎಂದ.